ರಾಣಿಗೆ ಎರಡು ಬಾಟಲಿ

ಬಹಳ ಹಿಂದೇನಲ್ಲ, ಮೊನ್ನೆ ಮೊನ್ನೆ ಅನ್ನುವಷ್ಟು ಹಿಂದೆ, ಗಾಜಿನ ಅರಮನೆಯೊಂದರಲ್ಲಿ ಒಬ್ಬಳು ರಾಣಿ ಇದ್ದಳು.

ಅವಳು ನಡೆಯುತ್ತಿರಲಿಲ್ಲ. ಮಾತಾಡುತ್ತಿರಲಿಲ್ಲ. ನೀಲಿ ಬೆಳಕು ಬಿದ್ದರೆ ಅರಳುತ್ತಿದ್ದಳು, ಬೆಳಕು ಆರಿದರೆ ಮುದುಡುತ್ತಿದ್ದಳು. ದಿನವೂ ಅವಳಿಗೆ ಎರಡು ಬಗೆಯ ಔಷಧಿ ನೀರನ್ನು ಹನಿ ಹನಿಯಾಗಿ ಕೊಡಬೇಕಿತ್ತು. ಎರಡೂ ಬೇಕು. ಆದರೆ ಅವೆರಡೂ ಒಂದಕ್ಕೊಂದು ನೇರವಾಗಿ ಸೇರಿದವೋ, ಹಾಲಿನಂತೆ ಬೆಳ್ಳಗಾಗಿ ಕೆಟ್ಟುಹೋಗುತ್ತಿದ್ದವು!

ಆ ರಾಣಿ ಕಡಲಿನ ಒಂದು ಜೀವಂತ ಹವಳ. ಅರಮನೆಯೆಂದರೆ ಉಪ್ಪುನೀರು ತುಂಬಿದ ಅಕ್ವೇರಿಯಂ. ಅವಳ ಸೇವಕ, ಲಿಫ್ಟ್ ರಿಪೇರಿ ಮಾಡುವ ಒಬ್ಬ ಹುಡುಗ.

ಈ ಗುಟ್ಟು ನಿಮಗೀಗ ಗೊತ್ತಾಯಿತು. ನಮ್ಮ ಕಥೆಯ ಹುಡುಗಿಗೆ ಗೊತ್ತಿರಲಿಲ್ಲ... ಎಡವಟ್ಟಾಗಿದ್ದೇ ಅಲ್ಲಿ!

*

"ರೀ! ರೀ ಸ್ವಾಮಿ! ಏನ್ರೀ ಮಾಡ್ತಿದ್ದೀರಾ?"

ಗೋಡೌನಿನಿಂದ ಬಕೆಟ್ಟುಗಳ ಕಟ್ಟು ಹೊತ್ತು ತಂದ ಗಿಣಿ ಬಾಗಿಲಲ್ಲೇ ನಿಂತುಬಿಟ್ಟಳು. ಅವಳಿಗೆ ಗಿಣಿ ಎಂಬ ಹೆಸರು ಯಾಕೆ ಬಿತ್ತು ಅಂತ ಕೇಳಬೇಡಿ. ಐದು ನಿಮಿಷ ಅವಳ ಪಕ್ಕ ಕೂತರೆ ನಿಮಗೇ ತಿಳಿಯುತ್ತದೆ.

ಪಾತ್ರೆ-ಪ್ಲಾಸ್ಟಿಕ್ ಸಾಮಾನಿನ ಆ ಅಂಗಡಿ ಅವಳದ್ದೂ ಅವಳ ಸೋದರತ್ತೆಯದ್ದೂ. ಅತ್ತೆ ಹೊರಗೆ ಹೋಗಿದ್ದರು. ಗಿಣಿ ಸಾಲಾಗಿ ಜೋಡಿಸಿಟ್ಟಿದ್ದ ಡಬ್ಬಿಗಳೆಲ್ಲ ಕೌಂಟರ್ ಮೇಲೆ ಚೆಲ್ಲಾಪಿಲ್ಲಿ! ನಡುವೆ ಒಬ್ಬ ತರುಣ, ಗ್ರೀಸ್ ಮೆತ್ತಿದ ಯೂನಿಫಾರಂನಲ್ಲಿ. ನೀರು ತುಂಬಿದ ಡಬ್ಬಿಯೊಂದನ್ನು ತಲೆಕೆಳಗು ಹಿಡಿದು, ಉಸಿರು ಬಿಗಿಹಿಡಿದು ನೋಡುತ್ತಿದ್ದ.

"ಒಂದೇ ನಿಮಿಷ ಮೇಡಂ... ತೊಟ್ಟಿಕ್ಕುತ್ತಾ ನೋಡ್ತಿದ್ದೀನಿ."

ತೊಟ್ಟಿಕ್ಕಲಿಲ್ಲ. ಮುಚ್ಚಳವೇ ಕಳಚಿಕೊಂಡಿತು! ಅಷ್ಟೂ ನೀರು ಹತ್ತಿರ ಬಂದ ಗಿಣಿಯ ಕಾಲ ಮೇಲೆ.

"ಅಯ್ಯಯ್ಯೋ! ಕ್ಷಮಿಸಿ, ಕ್ಷಮಿಸಿ..." ಅವನು ಜೇಬಿನಿಂದ ಬಟ್ಟೆ ಎಳೆದು, ಮೊಣಕಾಲೂರಿ ನೆಲ ಒರೆಸತೊಡಗಿದ. ಮೂಲೆಮೂಲೆಯನ್ನೂ ಬಿಡದೆ ಒರೆಸಿದ. ಆಮೇಲೆ ತಲೆಯೆತ್ತಿ ಅವಳನ್ನು ನೋಡಿದ.

ಬೈಯಬೇಕೆಂದು ಬಾಯಿ ತೆರೆದ ಗಿಣಿಗೆ ಬೈಗುಳವೇ ಮರೆತುಹೋಯಿತು. 'ಇದೇನಿದು... ಗ್ರೀಸ್ ಮೆತ್ತಿದ ಮುಖದಲ್ಲಿ ಇಷ್ಟು ಚೆಂದದ ಕಣ್ಣು!'

"ನಿಮ್ಮತ್ತೆ ಹೇಳಿರ್ಬೇಕಲ್ಲ ನನ್ನ ವಿಷಯ? ಬೆಳಗ್ಗೆ ಬಂದು ಎಲ್ಲಾ ವಿವರವಾಗಿ ಹೇಳಿ ಹೋಗಿದ್ದೆ."

ಅತ್ತೆ ಏನೂ ಹೇಳಿರಲಿಲ್ಲ. ಆದರೆ 'ಗೊತ್ತಿಲ್ಲ' ಅನ್ನುವುದು ಗಿಣಿಯ ಜಾಯಮಾನದಲ್ಲೇ ಇರಲಿಲ್ಲ.

"ಹ್ಞೂಂ ಹ್ಞೂಂ, ಹೇಳಿದ್ರು. ಆದ್ರೂ ಇನ್ನೊಂದ್ಸಲ ಹೇಳಿ."

"ನಮ್ಮ ರಾಣಿಗೆ ಔಷಧಿ ತುಂಬಿಡೋಕೆ ಎರಡು ಡಬ್ಬಿ ಬೇಕು."

"ರಾಣಿ ಅಂದ್ರೆ... ಮನೆಯವರಾ?"

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅವನು ನಕ್ಕ. "ಹಾಗೇ ಅಂದ್ಕೊಳ್ಳಿ! ಮನೇಲಿರೋದೇ ಅವಳು, ನಾನು. ನನ್ನ ಹತ್ರ ಬಂದಾಗ ಪೂರ್ತಿ ಬಿಳಿಚಿಕೊಂಡಿದ್ಲು ಪಾಪ. ಉಳಿಯೋದೇ ಅನುಮಾನ ಅಂದಿದ್ರು ಎಲ್ಲರೂ. ಈಗ ಬಣ್ಣ ಬಂದಿದೆ. ಆದ್ರೆ ಕಂಪನಿಯವರು ನನ್ನನ್ನ ಬೇರೆ ಊರಿಗೆ ಹಾಕಿದ್ದಾರೆ, ಹೊಸ ಲಿಫ್ಟ್ ಕೂರಿಸೋಕೆ. ನಾನಿಲ್ಲದಾಗ ಮಷಿನ್ನೇ ಹೊತ್ತುಹೊತ್ತಿಗೆ ಕುಡಿಸ್ಬೇಕು. ಮಷಿನ್ ತಗೊಂಡಾಯ್ತು. ಅದಕ್ಕೇ ಅಂತ ಮಾಡಿದ ಡಬ್ಬಿಗಳ ಬೆಲೆ ಕೇಳಿದ್ರೆ ಮಾತ್ರ ತಲೆ ಗಿರ್ ಅನ್ನುತ್ತೆ!"

"ಔಷಧಿ ತಪ್ಪಿದ್ರೆ?"

ಅವನ ನಗು ಆರಿಹೋಯಿತು. "ತಪ್ಪಿದ್ರೆ... ಉಳಿಯಲ್ಲ ಮೇಡಂ."

ಗಿಣಿ ಬಕೆಟ್ಟುಗಳ ಕಟ್ಟನ್ನು ಕೆಳಗಿಟ್ಟಳು. "ನೀವು ಊರು ಬಿಡೋದ್ರೊಳಗೆ ನಾನು ಹುಡುಕಿಕೊಡ್ತೀನಿ. ಮಾತು ಕೊಟ್ಟೆ!"

*

ಅಂದಿನಿಂದ ಸಂಜೆಯಾದರೆ ಸಾಕು, ಕೆಲಸ ಮುಗಿಸಿ ಅವನು ಬರುತ್ತಿದ್ದ. ಗಿಣಿ ತೆಗೆದಿಟ್ಟದ್ದನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದ. ಅವನು ನೋಡುವ ರೀತಿಯನ್ನು ಗಿಣಿ ನೋಡುತ್ತಿದ್ದಳು.

ಗಾಜಿನ ಬಾಟಲಿ ಕೊಟ್ಟಳು. ಮುಚ್ಚಳವನ್ನು ಬೆರಳಿನಿಂದ ತಟ್ಟಿ ನೋಡಿದ.

"ಇದು ತಗಡು. ಉಪ್ಪಿನ ಗಾಳಿಗೆ ತುಕ್ಕು ಹಿಡಿಯುತ್ತೆ. ಆ ತುಕ್ಕು ಅವಳಿಗೆ ಆಗಿಬರಲ್ಲ."

ಪಿಂಗಾಣಿ ಜಾಡಿ ಕೊಟ್ಟಳು.

"ಚೆನ್ನಾಗಿದೆ. ಆದ್ರೆ ಒಳಗೆಷ್ಟು ಉಳಿದಿದೆ ಅಂತ ಕಾಣಲ್ವಲ್ಲ! ಪಕ್ಕದ್ಮನೆ ಅಜ್ಜಿ ಬಂದು ನೋಡ್ತಾರೆ, ಅವರ ಕಣ್ಣಿಗೂ ಕಾಣ್ಬೇಕು."

ದುಂಡನೆಯ ದೊಡ್ಡ ಡಬ್ಬಿಗೂ ತಲೆಯಾಡಿಸಿದ. "ಅವಳ ಕೆಳಗಿರೋ ಕಪಾಟು ತೀರಾ ಇಕ್ಕಟ್ಟು. ದುಂಡಗಿದ್ರೆ ಸುಮ್ಮನೆ ಜಾಗ ತಿನ್ನುತ್ತೆ."

'ಕಪಾಟಿರುವ ಮಂಚವಿರಬೇಕು' ಅಂದುಕೊಂಡಳು ಗಿಣಿ. ಪಾಪ!

ಬೇರೆ ಗಿರಾಕಿಗಳು ಬೆಲೆ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ಎತ್ತಿಕೊಂಡು ಹೋಗುತ್ತಾರೆ. ಇವನು ಹೊಸ ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದು, ಪ್ಲಾಸ್ಟಿಕ್ ವಾಸನೆ ಇದ್ದರೆ ಬದಿಗಿಡುತ್ತಿದ್ದ. ಒಳಬದಿಯಲ್ಲಿ ಬೆರಳಾಡಿಸಿ, ಕೊಳೆ ಕೂರುವ ಸಂದು ಇದೆಯಾ ಎಂದು ಹುಡುಕುತ್ತಿದ್ದ. ಬೇಡವೆಂದ ಡಬ್ಬಿಯನ್ನೂ ಒರೆಸಿ, ಇದ್ದ ಜಾಗದಲ್ಲೇ ಇಡುತ್ತಿದ್ದ.

"ಇಷ್ಟೆಲ್ಲಾ ಯಾಕ್ರೀ ನೋಡ್ತೀರಾ?" ಒಮ್ಮೆ ಕೇಳಿಯೇಬಿಟ್ಟಳು.

"ಅವಳು ಬಾಯಿಬಿಟ್ಟು ಕೇಳಲ್ಲ ಅಲ್ವಾ ಮೇಡಂ? ನಾವೇ ನೋಡಿ ತಿಳ್ಕೋಬೇಕು."

ಗಿಣಿ ತಟ್ಟನೆ ಬೆನ್ನು ತಿರುಗಿಸಿ, ಇಲ್ಲದ ಧೂಳನ್ನು ಒರೆಸಿದಳು.

'ಇಂಥ ಗಂಡಸರೂ ಇರ್ತಾರಾ! ಆ ಹೆಣ್ಣು ಎಷ್ಟು ಪುಣ್ಯ ಮಾಡಿದ್ದಾಳೋ... ಛೆ, ನಾನ್ಯಾಕೆ ಹೀಗೆ ಯೋಚಿಸ್ತಿದ್ದೀನಿ? ಇನ್ನೊಬ್ಬಳ ಗಂಡ ಕಣೇ, ಇನ್ನೊಬ್ಬಳ ಗಂಡ!'

ಬುದ್ಧಿ ಹೇಳಿದ್ದನ್ನು ಮನಸ್ಸು ಕೇಳಬೇಕಲ್ಲ? ಸಂಜೆಯಾಗುತ್ತಿದ್ದಂತೆ ಕಣ್ಣು ಬೀದಿಯತ್ತಲೇ ಓಡುತ್ತಿತ್ತು.

*

ಅವನು ಹೊರಡುವ ಹಿಂದಿನ ಸಂಜೆ, ಮೇಲಿನ ಅಟ್ಟದಿಂದ ಗಿಣಿ ಎರಡು ಬಾಟಲಿ ಇಳಿಸಿದಳು. ಫ್ರಿಜ್ಜಿನ ಬಾಗಿಲಲ್ಲಿ ನೀರಿಡುವ ಚೌಕದ ಬಾಟಲಿಗಳು. ಎತ್ತರ, ಸಪೂರ, ಆಚೆಯಿಂದ ಈಚೆಗೆ ಕಾಣುವಷ್ಟು ತಿಳಿ. ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ನೀಲಿ.

ಅವನು ನೀರು ತುಂಬಿ ತಲೆಕೆಳಗು ಹಿಡಿದ. ಒಂದು ತೊಟ್ಟೂ ಬೀಳಲಿಲ್ಲ. ಮೂಸಿದ. ಸ್ಕೇಲಿಟ್ಟು ಅಳೆದ.

"ಮೇಡಂ... ಇದೇ! ಕುಡಿಯೋ ನೀರಿಗೇ ಮಾಡಿದ್ದು, ಅಗ್ಗ ಬೇರೆ. ಬಣ್ಣ ಬೇರೆಬೇರೆ ಇರೋದ್ರಿಂದ ಅಜ್ಜಿಗೂ ಅದಲುಬದಲಾಗಲ್ಲ! ನನಗಿದು ಹೊಳೀಲೇ ಇಲ್ವಲ್ಲ!"

ಅವನ ಮುಖ ನೋಡಿ ಗಿಣಿ ಎಲ್ಲ ಮರೆತು ನಕ್ಕಳು. ಆ ನಗುವೇ ಅವನಿಗೆ ಧೈರ್ಯ ಕೊಟ್ಟಿತೇನೋ.

"ಒಂದು ಮಾತು ಹೇಳ್ಲಾ? ನಾನಿಲ್ಲಿಗೆ ಬರ್ತಿದ್ದದ್ದು ಬರೀ ಡಬ್ಬಿಗೋಸ್ಕರ ಅಲ್ಲ. ನಿಮ್ಮನ್ನ ನೋಡೋಕೆ..."

ಗಿಣಿಯ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

ಎಷ್ಟು ಹಂಬಲಿಸಿದ್ದ ಮಾತು! ಎಷ್ಟು ಅಸಹ್ಯದ ಮಾತು!

"ನಾಚಿಕೆ ಆಗಲ್ವಾ ನಿಮಗೆ?" ಗಿಣಿ ಸಿಡಿದಳು. "ಮನೇಲಿ ಅವಳನ್ನ ಇಟ್ಕೊಂಡು ಇಲ್ಲಿ ಬಂದು ಈ ಮಾತಾಡ್ತೀರಾ? ದೇವರಂಥ ಮನುಷ್ಯ ಅಂದ್ಕೊಂಡಿದ್ದೆ! ಹೋಗಿ! ಇನ್ಮೇಲೆ ಈ ಕಡೆ ಬರ್ಬೇಡಿ!"

ಅವನು ಕಕ್ಕಾಬಿಕ್ಕಿಯಾದ. 'ಅಕ್ವೇರಿಯಂ ಸಾಕೋದು ಇಷ್ಟು ದೊಡ್ಡ ತಪ್ಪಾ?' ಏನೋ ಹೇಳಲು ಹೋದ. ಅವಳ ಕಣ್ಣೀರು ಕಂಡು ತಲೆತಗ್ಗಿಸಿ ಹೊರಟುಹೋದ.

ಬಾಟಲಿಗಳೆರಡೂ ಕೌಂಟರ್ ಮೇಲೇ ಉಳಿದವು.

*

ಮರುದಿನ ಬೆಳಗ್ಗೆ ಅಂಗಡಿಯ ಶಟರ್ ಎತ್ತುತ್ತಲೇ ಅತ್ತೆಯ ಕಣ್ಣು ಮೊದಲು ಬಿದ್ದದ್ದು ಅವುಗಳ ಮೇಲೆ.

"ಏನೇ ಗಿಣಿ, ಆ ಮೀನಿನ ಹುಡುಗ ಬಾಟಲಿ ಬಿಟ್ಟೇ ಹೋಗಿದ್ದಾನೆ? ಇವತ್ತೇ ಅಲ್ವಾ ಅವನು ಊರಿಗೆ ಹೋಗೋದು?"

"ಯಾವ ಮೀನಿನ ಹುಡುಗ?"

"ಅದೇ ಕಣೇ, ಹವಳ ಸಾಕಿರೋನು! ಅದಕ್ಕೆ ರಾಣಿ ಅಂತ ಹೆಸರು ಬೇರೆ ಇಟ್ಟಿದ್ದಾನಂತೆ. ಮದುವೆ ಮಾಡ್ಕೊಳ್ಳೋ ವಯಸ್ಸಲ್ಲಿ ಕಲ್ಲಿಗೆ ನೀರು ಕುಡಿಸ್ತಾ ಕೂತಿದ್ದಾನೆ ನೋಡು! ಮೊದಲ್ನೇ ದಿನವೇ ನನಗೆಲ್ಲಾ ಹೇಳಿದ್ದ. ನಿನಗೂ ಗೊತ್ತಲ್ಲ?"

"ಅತ್ತೇ..." ಗಿಣಿ ಸ್ಟೂಲಿನ ಮೇಲೆ ಕುಸಿದಳು. ನಗು ಬಂತು. ಅಳು ಬಂತು. ಎರಡೂ ಒಟ್ಟಿಗೇ ಬಂದವು. "ಅತ್ತೇ, ಹಾಳಾಗಿಹೋದೆ ನಾನು! ಅದು ಹೆಂಡತಿ ಅಂದ್ಕೊಂಡುಬಿಟ್ಟಿದ್ದೆ!"

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಅವರ ಹೊಟ್ಟೆ ಕುಲುಕುತ್ತಿತ್ತು. "ಓಡೇ ಹುಚ್ಚಿ, ಓಡು! ಮೊದಲ್ನೇ ದಿನ ಬಂದಾಗ ಬಿಲ್ ಪುಸ್ತಕದ ಹಿಂದೆ ಅವನು ವಿಳಾಸ ಬರೆದಿಟ್ಟಿದ್ದಾನೆ. ಮಾತು ಕೊಟ್ಟಿದ್ದೀಯಲ್ಲ!"

*

ಲಿಫ್ಟ್ ರಿಪೇರಿಯವನ ಕಟ್ಟಡದಲ್ಲಿ ಲಿಫ್ಟೇ ಕೆಟ್ಟಿತ್ತು! ಬಾಟಲಿಗಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದ ಗಿಣಿ ಏದುಸಿರು ಬಿಡುತ್ತ ಬಾಗಿಲು ತಟ್ಟಿದಳು.

ಬಾಗಿಲು ತೆರೆಯಿತು. ಅವನ ಹೆಗಲಲ್ಲಿ ಬ್ಯಾಗು. ಹಿಂದೆ, ಕೋಣೆಯ ತುಂಬ ನೀಲಿ ಬೆಳಕು.

ಅವಳು ನೇರ ಒಳಗೆ ಹೋಗಿ ಗಾಜಿನ ಮುಂದೆ ನಿಂತಳು.

ಹೂಕೋಸಿನ ಗಾತ್ರದ ನೇರಳೆ ಹವಳ. ಮೈತುಂಬ ಪುಟ್ಟಪುಟ್ಟ ಬೆರಳುಗಳು. ನೀರು ಅಲುಗಿದಂತೆಲ್ಲ ಅವೂ ಅಲುಗುತ್ತಿದ್ದವು. ಒಂದು ಮೂಲೆಯಲ್ಲಿ ಮಾತ್ರ ಉಗುರಿನಷ್ಟಗಲದ ಬಿಳಿ ಕಲೆ.

"ಬರುವಾಗ ಇದ್ದದ್ದೇ ಅಷ್ಟು," ಅವನು ಮೆಲ್ಲಗೆ ಹೇಳಿದ. "ಗೆಳೆಯನೊಬ್ಬ ಎಸೆಯೋಕೆ ಹೊರಟಿದ್ದ ಚೂರು. ಉಳಿದದ್ದೆಲ್ಲ ಅವಳೇ ಬೆಳೆದದ್ದು."

"ನಾನು... ಇವಳನ್ನ ನಿಮ್ಮ ಹೆಂಡತಿ ಅಂದ್ಕೊಂಡಿದ್ದೆ."

"ಏನು?!"

"ಕಾಯಿಲೆ ಬಿದ್ದ ಹೆಂಡತಿ..."

ಅವನು ಬ್ಯಾಗನ್ನು ಕೆಳಗಿಟ್ಟ. ಅದರ ಪಕ್ಕದಲ್ಲೇ ಕೂತುಬಿಟ್ಟ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. "ಹಾಗಾದ್ರೆ ನಿನ್ನೆ ಬೈದದ್ದು..."

"ಬೇಗ ಎದ್ದೇಳಿ! ಹೊತ್ತಾಗ್ತಿದೆ. ಮಷಿನ್ನಿನ ಪೈಪು ಇಳಿಸೋಕೆ ಮುಚ್ಚಳಕ್ಕೆ ತೂತು ಮಾಡ್ಬೇಡ್ವಾ?"

ಅವನು ಡ್ರಿಲ್ ತಂದ. ಅವಳು ಮುಚ್ಚಳ ಹಿಡಿದಳು. ಪೈಪು ಬಿಗಿಯಾಗಿ ಒಳಗಿಳಿಯಿತು. ಕೆಂಪು ಮುಚ್ಚಳದ ಬಾಟಲಿಗೆ ಒಂದು ಔಷಧಿ, ನೀಲಿಯದಕ್ಕೆ ಇನ್ನೊಂದು. ಕಪಾಟಿನಲ್ಲಿ ಎರಡೂ ಅಚ್ಚುಕಟ್ಟಾಗಿ ಕೂತವು. ಪೈಪುಗಳ ಇನ್ನೊಂದು ತುದಿಗಳನ್ನು ನೀರಿನ ಮೇಲೆ, ಒಂದು ಈ ಕೊನೆಗೆ, ಒಂದು ಆ ಕೊನೆಗೆ ಕಟ್ಟಿದರು. ಅವನು ಮಷಿನ್ನಿನ ಗುಂಡಿ ಒತ್ತಿ ಹಿಡಿದ.

ಗುರ್ರ್... ಬಾಟಲಿಗಳ ಕೆನ್ನೆ ನಿಧಾನವಾಗಿ ಒಳಕ್ಕೆ ಸೇದಿಹೋದವು! ಹನಿ ಬೀಳಲೇ ಇಲ್ಲ.

ಅವನ ಮುಖ ಬಿಳಿಚಿತು. "ಪೈಪು ಕಟ್ಟಿಕೊಂಡಿದೆಯಾ? ಮಷಿನ್ ಕೆಟ್ಟಿದೆಯಾ? ಇವತ್ತೇ ಹೀಗಾಗ್ಬೇಕಾ!"

ಗಿಣಿ ಒಮ್ಮೆ ಬಾಟಲಿ ನೋಡಿದಳು. ಒಮ್ಮೆ ಅವನನ್ನು ನೋಡಿದಳು. ನಗು ತಡೆಯಲಾಗಲಿಲ್ಲ.

"ಎಣ್ಣೆ ಡಬ್ಬದಿಂದ ಎಣ್ಣೆ ಬಗ್ಗಿಸೋರು ಎಷ್ಟು ತೂತು ಮಾಡ್ತಾರೆ ಹೇಳಿ?"

"ಎರಡು... ಅಯ್ಯೋ! ಗಾಳಿ!"

"ಹ್ಞಾಂ. ಒಂದು ಕೊಡೋಕೆ, ಇನ್ನೊಂದು ಉಸಿರಾಡೋಕೆ. ಒಂದೇ ಇದ್ರೆ ಹೀಗೇ ಬತ್ತಿಹೋಗೋದು."

ಅವನು ಅವಳನ್ನೇ ನೋಡುತ್ತ ನಿಂತ. ಅಷ್ಟು ದಿನ ಅವಳು ಅವನನ್ನು ನೋಡಿದ ಹಾಗೆ.

ಅವಳೇ ಸೂಜಿ ಕೇಳಿ ಪಡೆದು, ತುದಿ ಕಾಯಿಸಿ, ಎರಡು ಮುಚ್ಚಳಕ್ಕೂ ಸಣ್ಣದೊಂದು ಕಂಡಿ ಮಾಡಿದಳು. ಸುಯ್ ಎಂದಿತು. ಬಾಟಲಿಗಳ ಕೆನ್ನೆ ಮತ್ತೆ ತುಂಬಿಕೊಂಡವು. ಅವನು ಮಷಿನ್ನನ್ನು ಮತ್ತೆ ಚಾಲೂ ಮಾಡಿದ.

"ಇಲ್ಲಿಗೆ ವಾಪಸ್ ಬಂದ್ಮೇಲೆ..." ಅವನು ಕೇಳಿದ, "ಅಂಗಡಿ ಕಡೆ ಬರ್ಬೋದಾ? ಏನೂ ಕೊಳ್ಳೋಕಲ್ಲ. ಸುಮ್ಮನೆ."

"ಸುಮ್ಮನೆ ಬರೋರಿಗೆ ಕೆಲಸ ಹಚ್ತೀನಿ. ಬಕೆಟ್ ಹೊರಬೇಕು."

"ಹೊರ್ತೀನಿ."

"ನಾನು ಬಾಯಿ ಮುಚ್ಚಲ್ಲ. ದಿನವಿಡೀ ಕೇಳಿಸ್ಕೋಬೇಕು."

"ಅದಕ್ಕೇ ಅಲ್ವೇನೇ ಬರೋದು?"

'ಅಲ್ವೇನೇ!' ಮೇಡಂ ಹೋಗಿ, ನೀವು ಹೋಗಿ... ಗಿಣಿಯ ಕಿವಿ ಕೆಂಪಾಯಿತು. ಮುಖ ಮುಚ್ಚಿಕೊಳ್ಳಲು ಹೋದ ಅವಳ ಕೈಯನ್ನು ಅವನು ಹಿಡಿದುಕೊಂಡ.

"ನೋಡು," ಎಂದ ಪಿಸುದನಿಯಲ್ಲಿ.

ಈ ಕೊನೆಯ ಪೈಪಿನ ತುದಿಯಲ್ಲಿ ಒಂದು ಹನಿ ಊದಿಕೊಂಡು ನಿಂತಿತ್ತು. ಆ ಕೊನೆಯಲ್ಲೂ ಒಂದು.

ಟಪ್.

ಟಪ್.