ಪಟ್ಟಿಯಿಂದ ಬಿದ್ದುಹೋದ ಮೂರು ಅಕ್ಷರ

ಮಾರ್ಚ್ 14ರ ಬೆಳಿಗ್ಗೆ 10.20ಕ್ಕೆ ಬಿಷ್ಕೆಕ್‌ನ ಠಾಣೆಗೆ ಹೊಲಿಗೆ ಕೆಲಸದ ಸೊನುನ್ ಎಂಬಾಕೆ ಬಂದು ದೂರು ಕೊಟ್ಟಳು. ಕಿಡ್ನಿ ಕಸಿಗೆ ಕಾಯುತ್ತಿದ್ದ ಅವಳ ತಮ್ಮ ಒಮುರ್ಜಾಕ್‌ನ ಹೆಸರು ಆಸ್ಪತ್ರೆಯ ಪಟ್ಟಿಯಲ್ಲಿರಲಿಲ್ಲ.

“ಕಿಡ್ನಿ ಕೊಡೋದು ನಾನೇ, ಮೇಡಮ್. ಒಂಬತ್ತನೇ ತಾರೀಖು ನಮ್ಮ ಸರದಿ ಇತ್ತು. ಕೇಳಿದ್ರೆ ಅಂಥ ಹೆಸರೇ ಇಲ್ಲ ಅಂತಾರೆ. ಅವನು ಹುಟ್ಟೇ ಇಲ್ವಂತಾ?”

ಇನ್‌ಸ್ಪೆಕ್ಟರ್ ಜಿಪಾರ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಮೆಲಿಸ್‌ನೊಡನೆ ಆಸ್ಪತ್ರೆಗೆ ಹೋದಳು. ಫೆಬ್ರವರಿಯ ಪಟ್ಟಿಯ ಪಕ್ಕ ಹೊಸದನ್ನಿಟ್ಟು ನೋಡಿದಾಗ ಮೂವತ್ತೇಳು ಹೆಸರು ಕಡಿಮೆ ಇದ್ದವು.

“ಮೇಡಮ್, ಹೋಗಿರೋ ಹೆಸರಲ್ಲೆಲ್ಲ ң, ө, ү ಇದೆ. ಮೂರರಲ್ಲಿ ಒಂದಾದ್ರೂ ಇದೆ,” ಎಂದ ಮೆಲಿಸ್. ರಷ್ಯನ್ ವರ್ಣಮಾಲೆಯಲ್ಲಿಲ್ಲದ, ಕಿರ್ಗಿಜ್ ಭಾಷೆಗೆಂದು ಸೇರಿಸಿದ ಅಕ್ಷರಗಳು ಅವು.

ಪಟ್ಟಿಯ ಪ್ರೋಗ್ರಾಂ ಬರೆದವಳು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ, ಇಪ್ಪತ್ತಾರರ ಕನಿಕೆಯ್. ಅವಳು ಪರದೆಯ ಮೇಲಿನ ಒಂದು ಸಾಲಿಗೆ ಬೆರಳಿಟ್ಟಳು.

“ಹೆಸರಲ್ಲಿ ಯಾವ ಅಕ್ಷರ ಬರಬಹುದು ಅಂತ ಹೇಳೋ ಸಾಲು ಇದು. ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತೀವಿ. ಹೊಂದದ ಹೆಸರನ್ನ ಬಿಟ್ಟುಬಿಡತ್ತೆ. ಬರೀ [а-я] ಅಂದ್ರೆ ರಷ್ಯನ್ ಅಕ್ಷರ ಮಾತ್ರ, ಈ ಮೂರು ಸೇರಲ್ಲ. ಅದಕ್ಕೇ ನಾನು [а-яңөү] ಅಂತ ಬರೆದಿದ್ದೆ. ಯಾರೋ ಕೊನೇ ಮೂರನ್ನ ಅಳಿಸಿದ್ದಾರೆ.”

“ಬದಲಾವಣೆ ನಿಮ್ಮ ಹೆಸರಲ್ಲೇ ಇದೆ. ಮಾರ್ಚ್ 2, 11.05,” ಎಂದಳು ಜಿಪಾರ್, ಬದಲಾವಣೆಗಳ ದಾಖಲೆ ನೋಡಿ.

“ಅವತ್ತು ಅಮ್ಮನ ನಲವತ್ತನೇ ದಿನದ ತಿಥಿ. ಊರಿಗೆ, ನರಿನ್‌ಗೆ ಹೋಗಿದ್ದೆ.”

“ಪಾಸ್‌ವರ್ಡ್ ಯಾರಿಗೆ ಗೊತ್ತು?”

“ಮೆದೆತ್ ಮೇಷ್ಟ್ರಿಗೆ. ಇಲ್ಲೇ ಕೆಲಸ ಮಾಡ್ತಾರೆ. ಊರಿಗೆ ಹೋಗೋವಾಗ ನಾನೇ ಕೊಟ್ಟೆ. ಆದ್ರೆ ಅವರಲ್ಲ, ಮೇಡಮ್. ಇದನ್ನೆಲ್ಲ ನನಗೆ ಕಲಿಸಿದ್ದೇ ಅವರು.”

ಬದಲಾವಣೆ ಮೆದೆತ್‌ನ ಕಂಪ್ಯೂಟರಿನಿಂದಲೇ ಆಗಿತ್ತು. ಮಧ್ಯಾಹ್ನ 2.15ಕ್ಕೆ ಪಂಚರ ಎದುರು ಪಂಚನಾಮೆ ಬರೆದು ಅದನ್ನು ವಶಪಡಿಸಿಕೊಂಡರು.

“ಅವಳ ಹೆಸರಲ್ಲಿ ಯಾಕೆ ಒಳಗೆ ಹೋದ್ರಿ?” ಜಿಪಾರ್ ಕೇಳಿದಳು.

“ಏನೋ ಸರಿ ಮಾಡೋಕೆ.”

“ಮೂರು ಅಕ್ಷರ ಅಳಿಸೋದು ಸರಿ ಮಾಡೋದಾ?”

ಐವತ್ತೆರಡರ ಮೆದೆತ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ಒಂದೇ ದಿನದಲ್ಲಿ ಗೊತ್ತಾಗತ್ತೆ, ಅವಳನ್ನ ಬೈತಾರೆ, ಅಷ್ಟೇ ಅಂದ್ಕೊಂಡೆ. ಯಾರೂ ನೋಡ್ಲೇ ಇಲ್ಲ.”

“ಹನ್ನೆರಡು ದಿನ ನೀವು ನೋಡ್ತಾನೇ ಇದ್ರಲ್ಲ.”

ಸಂಜೆ 4.40ಕ್ಕೆ ಬಂಧನವಾಯಿತು. ಅಷ್ಟರಲ್ಲಿ ಮೂವತ್ತೇಳು ಹೆಸರೂ ಪಟ್ಟಿಗೆ ಮರಳಿದ್ದವು. ಒಮುರ್ಜಾಕ್‌ಗೆ 20ನೇ ತಾರೀಖು ಸಿಕ್ಕಿತು.

ಹೊರಗೆ ಕರೆದೊಯ್ಯುವಾಗ ಕನಿಕೆಯ್ ಎದುರು ಬಂದಳು.

“ಮುಖ್ಯಸ್ಥರ ಕುರ್ಚಿ ಬೇಕು ಅಂತ ಒಂದು ಮಾತು ಹೇಳಿದ್ರೆ ನಾನೇ ಬಿಟ್ಕೊಡ್ತಿದ್ದೆ, ಮೇಷ್ಟ್ರೇ.”

“ನಿನ್ನ ಹತ್ರ ಕೇಳೋದಾ?” ಎಂದ ಮೆದೆತ್, ತಲೆಯೆತ್ತದೆ.

ಜಿಪಾರ್ ವರದಿಯಲ್ಲಿ ಕಾರಣ ಬರೆದಳು: ಆರೋಪಿ ಆಶಿಸಿದ್ದ ಹುದ್ದೆ ಫೆಬ್ರವರಿಯಲ್ಲಿ ಆತನ ಶಿಷ್ಯೆಗೆ ಸಿಕ್ಕಿತ್ತು. ಆಕೆಯ ಪರವಾಗಿ ಶಿಫಾರಸು ಪತ್ರ ಬರೆದವನೂ ಆತನೇ.