ಮಹಾರಾಜನ ಉಪವಾಸ

ಶನಿವಾರ ಬೆಳಗ್ಗೆ ಎಣಿಸಿದೆ. ಏಳು. ಕಣ್ಣುಜ್ಜಿ ಮತ್ತೆ ಎಣಿಸಿದೆ. ಆಗಲೂ ಏಳೇ!

ನಮ್ಮ ಗಾಜಿನ ತೊಟ್ಟಿಯಲ್ಲಿ ಎಂಟು ರೇನ್‌ಬೋ ಮೀನುಗಳಿರಬೇಕು. ಕಾಣೆಯಾದದ್ದು ಯಾರೋ ಪುಡಿ ಆಸಾಮಿಯಲ್ಲ, ಸಾಕ್ಷಾತ್ ಮಹಾರಾಜ. ಮುಂದಿನರ್ಧ ನೀಲಿ, ಹಿಂದಿನರ್ಧ ಕಿತ್ತಳೆ.

"ಅಪ್ಪಾ! ಮಹಾರಾಜ ಇಲ್ಲ!"

"ಗಿಡದ ಹಿಂದೆ ಇರತ್ತೆ, ಸರಿಯಾಗಿ ನೋಡು," ಎಂದರು ಅಪ್ಪ, ಪೇಪರಿನ ಹಿಂದಿನಿಂದಲೇ.

ನನಗೆ ಅಳುವೇ ಬಂತು. ಮರುದಿನ ಅಮ್ಮ ಬರಬೇಕಿತ್ತು. ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಅವಳು; ಹೋಗಿ ಹದಿನಾಲ್ಕು ತಿಂಗಳು. ಹೋಗುವ ಮುನ್ನ ನಾವಿಬ್ಬರೇ ಅಂಗಡಿಗೆ ಹೋಗಿ ಈ ಮೀನು ಆರಿಸಿದ್ದೆವು. ಆಗ ಎಂಟೂ ಬೂದಿ ಬಣ್ಣದ ಕಡ್ಡಿಗಳು. ಪಕ್ಕದ ತೊಟ್ಟಿಯ ಥಳಥಳ ಮೀನುಗಳನ್ನು ಬಿಟ್ಟು ಇವೇ ಯಾಕೆ ಎಂದು ನಾನು ಮುಖ ಊದಿಸಿಕೊಂಡಿದ್ದೆ.

"ಇವಕ್ಕೆ ಬಣ್ಣ ಬರೋಕೆ ವರ್ಷ ಬೇಕಂತೆ ಪುಟ್ಟಿ. ಅಷ್ಟರಲ್ಲಿ ನಾನು ಬಂದಿರ್ತೀನಿ," ಎಂದಿದ್ದಳು ಅಮ್ಮ.

ಬಣ್ಣ ಬಂತು. ಅಮ್ಮ ಬರಲಿಲ್ಲ. ಅವಳಿಗೆ ಕಳಿಸೋಣವೆಂದು ಫೋಟೋ ತೆಗೆದರೆ ಆ ನೀಲಿ ನೀಲಿಯಾಗಿ ಬೀಳುವುದೇ ಇಲ್ಲ.

ಮಧ್ಯಾಹ್ನ ಅತ್ತೆಯನ್ನು ಕರೆಸಿದೆ. ಅತ್ತೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವಳು. ಟಿಕೆಟ್ ಇಲ್ಲದೆ ಶೌಚಾಲಯದ ಬಾಗಿಲು ಹಾಕಿಕೊಂಡು ಅಡಗಿದವರನ್ನು ಅವರ ಕೆಮ್ಮಿನಿಂದಲೇ ಹಿಡಿಯುತ್ತಾಳೆ.

"ಮುಚ್ಚಳ?"

"ಮುಚ್ಚಿತ್ತು ಅತ್ತೆ."

"ಹಾಗಾದ್ರೆ ಹಾರಿಲ್ಲ. ಸತ್ತಿದ್ಯಾ?"

"ಮೂಲೆಮೂಲೆ ಹುಡುಕಿದೆ."

"ಪಕ್ಕದ ಮನೆ ಬೆಕ್ಕು?" ಎಂದ ಅಣ್ಣ.

"ತಿಂದು, ಬಾಯಿ ಒರೆಸ್ಕೊಂಡು, ಮುಚ್ಚಳ ಹಾಕಿ ಹೋಯ್ತಾ? ನೀನು ಬಾ ಇಲ್ಲಿ. ಮಹಾರಾಜನ್ನ ಫ್ರೆಂಡ್‌ಗೆ ಕೊಡ್ತೀನಿ ಅಂದಿದ್ಯಂತೆ?"

"ತಮಾಷೆಗೆ! ನನ್ನ ಮೇಲ್ಯಾಕೆ ಗೂಬೆ ಕೂರಿಸ್ತೀರ?"

"ಎಷ್ಟೊತ್ತಿಗೆ ಎದ್ದೆ?"

"ಹತ್ತಕ್ಕೆ."

"ಅದನ್ನ ನಂಬ್ತೀನಿ." ಅತ್ತೆ ನನ್ನ ಕಡೆ ತಿರುಗಿದಳು. "ನಿನ್ನೆ ಏನಾದ್ರೂ ವಿಚಿತ್ರ?"

"ಏನಿಲ್ಲ... ಹಾಂ, ರಾತ್ರಿ ಮಲಗೋವರೆಗೂ ಎಂಟೂ ಗಾಜಿಗೆ ಮೂತಿ ತಿಕ್ತಾ ಇದ್ವು. ನನ್ನ ಬೆರಳು ಹೋದಲ್ಲೆಲ್ಲಾ ಬರ್ತಿದ್ವು."

ಅತ್ತೆಯ ಟೀ ಲೋಟ ಅರ್ಧದಲ್ಲೇ ನಿಂತಿತು.

"ಊಟ ಹಾಕೋರು ಯಾರು?"

"ಅಪ್ಪ. ದಿನಾ ಸಂಜೆ. ತಪ್ಪಿಸೋದೇ ಇಲ್ಲ."

ಪೇಪರ್ ಸರಕ್ ಎಂದಿತು.

"ಲೋ ತಮ್ಮ, ಅದನ್ನ ಕೆಳಗಿಡು," ಎಂದಳು ಅತ್ತೆ. "ನನ್ನ ಗಾಡೀಲಿ ಮೀನಿನ ವ್ಯಾಪಾರಿಗಳು ಓಡಾಡ್ತಾರೆ. ದೂರ ಕಳಿಸೋ ಮೀನಿಗೆ ಹಿಂದಿನ ದಿನ ಊಟ ಹಾಕಲ್ಲ. ತಿಂದಿದ್ರೆ ದಾರೀಲಿ ನೀರು ಹೊಲಸಾಗಿ ಸತ್ತೇಹೋಗತ್ತೆ. ಕಳ್ಳ ಆದ್ರೆ ಸಿಕ್ಕಿದ ಹಾಗೇ ಎತ್ಕೊಂಡು ಹೋಗ್ತಾನೆ. ಮೊದಲೇ ಉಪವಾಸ ಮಾಡಿಸೋನು ಮನೆಯೋನೇ. ಒಂದಕ್ಕೆ ಮಾತ್ರ ಮಾಡಿಸೋಕಾಗಲ್ಲ, ಎಂಟಕ್ಕೂ ಮಾಡಿಸಿದ್ದೀಯ. ನೀನು ಕೆಲಸ ಮಾಡೋ ಔಷಧಿ ಗೋಡೌನಿನ ವ್ಯಾನು ಇವತ್ತು ಬೆಳಗ್ಗೆ ಯಾವ ಆಸ್ಪತ್ರೆಗೆ ಹೋಯ್ತು?"

ಅಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿದರು. ಐದನೆಯದಕ್ಕೆ ಅದು ಬಗ್ಗಲಿಲ್ಲ.

"ಅವಳಿಗೆ ರಜೆ ಸಿಗಲಿಲ್ಲ ಅಕ್ಕ. ಗುರುವಾರವೇ ಫೋನ್ ಮಾಡಿದ್ಲು. ಮಕ್ಕಳಿಗೆ ಹೇಳೋಕೆ ಬಾಯೇ ಬರಲಿಲ್ಲ. ಬಣ್ಣ ಬಂದಿದ್ದನ್ನ ಒಂದ್ಸಲ ಕಣ್ಣಾರೆ ನೋಡಬೇಕಿತ್ತು ಅಂದ್ಲು... ಅದಕ್ಕೇ."

ಯಾರಿಗೂ ಬೈಯಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅಪ್ಪನ ಫೋನ್ ಟಿಣ್ ಎಂದಿತು. ಅಮ್ಮ ಕಳಿಸಿದ ಫೋಟೋ: ಅವಳ ಕೋಣೆಯ ಕಿಟಕಿ. ಕಿಟಕಿಯಲ್ಲೊಂದು ಗಾಜಿನ ಭರಣಿ. ಅದರಲ್ಲಿ ಮಹಾರಾಜ... ಬೂದಿ ಬಣ್ಣಕ್ಕೆ ತಿರುಗಿ.

'ಬಂದ. ಆರೋಗ್ಯವಾಗಿದ್ದಾನೆ. ಬಣ್ಣ ಮಾತ್ರ ಮನೆಯಲ್ಲೇ ಬಿಟ್ಟು ಬಂದಿದ್ದಾನೆ.'

"ಫೋಟೋದಲ್ಲಿ ಹಾಗೇ ಬೀಳತ್ತೆ ಅಲ್ವಾ?" ಎಂದರು ಅಪ್ಪ.

"ಇಲ್ಲಪ್ಪ," ಎಂದೆ. "ಅಂಗಡಿಯವರು ಹೇಳಿದ್ರು, ಒಂದನ್ನೇ ಇಟ್ರೆ ಬಣ್ಣ ತೋರ್ಸಲ್ಲ. ಜೊತೆ ಬೇಕು ಅಂತ."

ಆ ದಿನ ಅಪ್ಪ ಅಂಗಡಿಗೆ ಬಂದಿರಲಿಲ್ಲ. ಈಗ ಅಮ್ಮನ ಖಾಲಿ ಕುರ್ಚಿಯ ಕಡೆ ನೋಡುತ್ತಾ ಕೂತರು.

"ನಾಳೆ ಬೆಳಗ್ಗೆ ಆರೂವರೆ ಗಾಡಿ," ಎಂದಳು ಅತ್ತೆ. "ಮೂರು ಮೀನು, ಮೂರು ಜನ. ತೋರಿಸಿ, ನಾಲ್ಕನ್ನೂ ವಾಪಸ್ ತನ್ನಿ. ಟಿಕೆಟ್ ತಗೊಂಡೇ ಹತ್ತಬೇಕು. ತಮ್ಮ ಅಂತ ಬಿಡೋಳಲ್ಲ ನಾನು."

ಅಮ್ಮನಿಗೆ ಕಳಿಸಿದೆ: 'ನಾಳೆಗೆ ದೊಡ್ಡ ಟಬ್ ತೊಳೆದಿಡು.'

'ಯಾಕೇ?'

ಉತ್ತರಿಸಲಿಲ್ಲ. ಸಂಜೆ ಏಳೂ ಗಾಜಿಗೆ ಮೂತಿ ತಿಕ್ಕಿದವು. ಅಭ್ಯಾಸಬಲದಿಂದ ಅಪ್ಪನ ಕೈ ಊಟದ ಡಬ್ಬಿಯತ್ತ ಹೋಯಿತು; ಅಲ್ಲಿ ಡಬ್ಬಿ ಇರಲಿಲ್ಲ. ಅಣ್ಣ ಅದನ್ನು ಆಗಲೇ ಕಪಾಟಿನ ಮೇಲೆ ಬಚ್ಚಿಟ್ಟಿದ್ದ.