ದಂತವೈದ್ಯೆಯ ಮೀನುತೊಟ್ಟಿ ಸೋರಿದ ಪ್ರಕರಣ

ಫೆಬ್ರವರಿ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತೂಕಾಲು. ವಿರಾಜಪೇಟೆ ಠಾಣೆಗೆ ದಂತವೈದ್ಯೆ ಯಮುನಾ ಬಂದರು. ಜೊತೆಯಲ್ಲಿ ಅವರ ಕ್ಲಿನಿಕ್ಕಿನ ಸಹಾಯಕಿ ಕಮಲ. ಕ್ಲಿನಿಕ್ಕಿನಲ್ಲಿರುವ ಉಪ್ಪುನೀರಿನ ಮೀನುತೊಟ್ಟಿಯ ಪೈಪನ್ನು ಯಾರೋ ಬೇಕೆಂದೇ ಪದೇ ಪದೇ ಕೆಡಿಸುತ್ತಿದ್ದಾರೆ, ನಿನ್ನೆ ಸೋರಿದ ನೀರಿನಲ್ಲಿ ಕಮಲ ಜಾರಿಬಿದ್ದು ಮಣಿಕಟ್ಟು ಮುರಿದಿದೆ ಎಂಬುದು ದೂರು.

ಮೀನುತೊಟ್ಟಿ ಎಂದಾಗ ಹೆಡ್ ಕಾನ್‌ಸ್ಟೇಬಲ್ ಸಿದ್ದರಾಜುವಿಗೆ ನಗು ಬಂದಿತ್ತು. ಕಮಲಳ ಕೈಯ ಪ್ಲಾಸ್ಟರ್ ನೋಡಿ ನುಂಗಿಕೊಂಡ.

"ಯಾರ ಮೇಲೆ ಅನುಮಾನ ಮೇಡಂ?"

"ಬಿಲ್ಡಿಂಗ್ ಓನರ್ ಬೊಳ್ಳಪ್ಪ. ಖಾಲಿ ಮಾಡಿ ಅಂತ ಎರಡು ತಿಂಗಳಿಂದ ಹಿಂದೆ ಬಿದ್ದಿದ್ದಾರೆ."

ಪಿಎಸ್‌ಐ ಶಶಿಕುಮಾರ್ ಎಫ್‌ಐಆರ್ ದಾಖಲಿಸಿದರು. ಹನ್ನೊಂದೂವರೆಗೆ ಇಬ್ಬರು ಪಂಚರೊಂದಿಗೆ ಎಲ್ಲರೂ ಕ್ಲಿನಿಕ್ಕಿಗೆ ಹೋದರು.

ಬೊಳ್ಳಪ್ಪ ಕೆಳಗಿನ ತನ್ನ ದಿನಸಿ ಅಂಗಡಿಯಲ್ಲೇ ಸಿಕ್ಕಿದ. ಸಿಟ್ಟಿನಿಂದ ಮೇಲೆ ಕೈ ತೋರಿಸಿದ. ಸೂರಿನಲ್ಲಿ ಒದ್ದೆ ಕಲೆ, ಅದರಡಿಯಲ್ಲಿ ತೊಯ್ದ ಮೂಟೆಗಳು.

"ನನ್ನ ಅಕ್ಕಿ ಮೇಲೆ ನಾನೇ ಉಪ್ಪುನೀರು ಬಿಡ್ಲಾ ಸಾರ್? ಖಾಲಿ ಮಾಡಿ ಅಂದದ್ದೇ ಇದಕ್ಕೆ."

ಅವನ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಮಹಡಿಯ ಮೇಲೆ, ರೋಗಿಗಳು ಕೂರುವ ಹಜಾರದಲ್ಲಿ ತೊಟ್ಟಿಯಿತ್ತು. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನುಗಳು ಒಂದಕ್ಕೊಂದು ಅಂಟಿಕೊಂಡಂತೆ ಓಡಾಡುತ್ತಿದ್ದವು. ಹಲ್ಲು ಕೀಳಿಸಲು ಬಂದ ಮಕ್ಕಳು ಇದರ ಮುಂದೆ ಅಳು ಮರೆಯುತ್ತಾರೆ ಎಂದರು ಯಮುನಾ. ಕೆಳಗಿನ ಕಪಾಟಿನಲ್ಲಿ ಇನ್ನೊಂದು ಚಿಕ್ಕ ತೊಟ್ಟಿ. ಅದರ ಪಕ್ಕದ ಪಂಪು ನೀರನ್ನು ಎಳೆದು ಮೇಲಕ್ಕೆ ತಳ್ಳುತ್ತಿತ್ತು. ಮೇಲಿನ ನೀರಿನ ತುಂಬ ಸೋಡಾದಂತೆ ಸಣ್ಣ ಗುಳ್ಳೆಗಳು.

ಸಿದ್ದರಾಜು ಕುಶಾಲನಗರದ ಕಡೆಯ ರೈತರ ಮನೆಯವನು. ಗದ್ದೆಯ ಪಂಪ್‌ಸೆಟ್ ಜೊತೆ ಗುದ್ದಾಡಿ ಬೆಳೆದವನು. ಮೊಣಕಾಲೂರಿ ಕೂತ.

"ಪಂಪ್ ಓಡ್ತಿರುವಾಗ ಸೋರುತ್ತೇನವ್ವ, ನಿಂತಾಗಲಾ?"

ಕಮಲ ಯೋಚಿಸಿದಳು. "ಕರೆಂಟ್ ಹೋದಾಗ ಮಾತ್ರ ಸಾರ್. ಓಡುವಾಗ ನೆಲ ಒಣಗಿಯೇ ಇರ್ತದೆ, ಬರೀ ಗುಳ್ಳೆ."

"ಹಂಗಾದ್ರೆ ನೀರು ಎಳ್ಕೊಳೋ ಕಡೆ ಪೈಪಲ್ಲೇ ಸಂದು ಐತೆ. ಓಡುವಾಗ ಗಾಳಿ ಎಳ್ಕತದೆ, ನಿಂತ್ರೆ ಅಲ್ಲಿಂದಲೇ ನೀರು ಬಿಡ್ತದೆ."

ತೊಟ್ಟಿಯದೇ ನೀರಿನಲ್ಲಿ ಬಟ್ಟೆ ಅದ್ದಿ, ಪಂಪಿನ ಹಿಂದಿನ ಜೋಡಣೆಗೆ ಬಿಗಿಯಾಗಿ ಸುತ್ತಿ ಹಿಡಿದ. ಒಂದೆರಡು ನಿಮಿಷದಲ್ಲಿ ಗುಳ್ಳೆ ನಿಂತಿತು. ಪಂಪು ನಿಲ್ಲಿಸಿ, ಪೈಪಿನ ವಾಲ್ವ್ ಮುಚ್ಚಿ, ಜೋಡಣೆ ತಿರುಗಿಸಿ ಬಿಚ್ಚಿದಾಗ ಒಳಗಿನ ರಬ್ಬರ್ ರಿಂಗಿನಲ್ಲಿ ಬ್ಲೇಡಿನ ಗೀರು ಕಂಡಿತು. ಸವೆದದ್ದಲ್ಲ, ಕೊಯ್ದದ್ದು. ಪಂಚನಾಮೆಗೆ ಬರೆದರು.

"ಇಂಥವು ಇನ್ನೂ ಮೂರು ಉಂಟು," ಎಂದು ಕಮಲ ಎಡಗೈಯಲ್ಲಿ ಒಂದು ಡಬ್ಬಿ ತಂದಳು. ಬದಲಾಯಿಸಿದಾಗಲೆಲ್ಲ ಹಳೆಯದನ್ನು ಎತ್ತಿಟ್ಟಿದ್ದಳು. ಮೂರರಲ್ಲೂ ಅದೇ ಗೀರು.

"ಹಾಕಿದ್ದು ಯಾರು?" ಪಿಎಸ್‌ಐ ಕೇಳಿದರು.

"ತೊಟ್ಟಿ ಕಟ್ಟಿಕೊಟ್ಟ ತೀರ್ಥಪ್ರಸಾದಣ್ಣ. ಅಮ್ಮತ್ತಿಯವರು. ಪ್ರತಿಸಲ ರಿಪೇರಿಗೆ ಅವರೇ ಬರೋದು."

ಪಿಎಸ್‌ಐ ಹೇಳಿದಂತೆ ಯಮುನಾ ಫೋನು ಮಾಡಿ, ಮತ್ತೆ ಗುಳ್ಳೆ ಬರುತ್ತಿದೆ ಎಂದಷ್ಟೇ ತಿಳಿಸಿದರು. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ತೀರ್ಥಪ್ರಸಾದ್ ಬಂದ. ಐವತ್ತು ದಾಟಿದವನು. ರಿಪೇರಿಗೆ ಬಂದವನಂತಿರಲಿಲ್ಲ, ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಖಾಕಿ ಬಟ್ಟೆಗಳನ್ನು ಗಮನಿಸದೆ ನೇರ ಗಾಜಿನ ಹತ್ತಿರ ಹೋಗಿ ನಿಂತ. ಎರಡೂ ಮೀನು ಅವನೆದುರಿಗೆ ಬಂದವು. ಸಿದ್ದರಾಜು ಅದನ್ನು ನೋಡಿದ.

"ಈ ರಿಂಗ್ ಹಾಕಿದ್ದು ನೀವೇನಾ?" ಪಿಎಸ್‌ಐ ಪ್ರಶ್ನಿಸಿದರು.

"ಹೌದು ಸಾರ್."

"ಕೊಯ್ದದ್ದು?"

ಅವನು ಮುಖ ತಿರುಗಿಸಿದ. ಅಷ್ಟರಲ್ಲಿ ಅವನ ಕಣ್ಣಿಗೆ ಕಮಲಳ ಪ್ಲಾಸ್ಟರ್ ಬಿತ್ತು. "ಇದೆಂತ ಕಮಲ?"

"ನಿನ್ನೆ ನೀರಲ್ಲಿ ಜಾರಿಬಿದ್ದೆ ಅಣ್ಣ."

ಅವನು ಬೆಂಚಿನ ಮೇಲೆ ಕುಸಿದ. "ನಾನೇ ಸಾರ್. ಬರ್ಕೊಳ್ಳಿ."

ಅಮ್ಮತ್ತಿಯಲ್ಲಿ ಅವನದೊಂದು ಸಾಕುಮೀನಿನ ಅಂಗಡಿಯಿತ್ತು. ಉಗುರಿನಷ್ಟಿದ್ದ ಈ ಜೋಡಿಯನ್ನು ಆರು ವರ್ಷ ಸಾಕಿದ್ದ. ಹೋದ ವರ್ಷ ಅಂಗಡಿ ಮುಚ್ಚುವಾಗ, ಚೆನ್ನಾಗಿರುತ್ತವೆ ಎಂದು ಇಲ್ಲಿಗೆ ಕೊಟ್ಟಿದ್ದ.

"ಸ್ವಲ್ಪ ಗುಳ್ಳೆ ಬಂದ್ರೆ ಕರೀತಾರೆ ಅಂತ ಮಾಡಿದ್ದು. ನೀರು ಇಷ್ಟು ಸೋರ್ತದೆ ಅಂದ್ಕೊಳ್ಳಲಿಲ್ಲ. ಹಲ್ಲುನೋವಿಲ್ಲದೆ ಹಲ್ಲಿನ ಡಾಕ್ಟ್ರ ಹತ್ರ ಏನಂತ ಹೇಳಿ ಬರೋದು ಸಾರ್?"

"ಮೀನು ನೋಡ್ಲಿಕ್ಕೆ ಬಂದೆ ಅಂತಲೇ ಹೇಳ್ಬಹುದಿತ್ತಲ್ಲ, ತೀರ್ಥಣ್ಣ," ಎಂದರು ಯಮುನಾ. ಅವರ ದನಿಯಲ್ಲಿ ಬೆಳಗಿನ ಸಿಟ್ಟು ಇರಲಿಲ್ಲ.

ಮೂರಕ್ಕೆ ಐದು ನಿಮಿಷವಿರುವಾಗ ದಸ್ತಗಿರಿ ಮಾಡಲಾಯಿತು. ಹೊರಡುವ ಮುನ್ನ ಅವನು ಒಂದೇ ಒಂದು ಕೇಳಿಕೊಂಡ: ಪಂಪು ಬಹಳ ಹೊತ್ತು ನಿಂತರೆ ಮೀನಿಗೆ ಉಸಿರು ಕಟ್ಟುತ್ತದೆ, ಒಳ್ಳೆಯ ರಿಂಗ್ ಹಾಕಿ ಬರುತ್ತೇನೆ. ಪಿಎಸ್‌ಐ ತಲೆಯಾಡಿಸಿದರು. ಪಂಚರೆದುರು ಹೊಸ ರಿಂಗ್ ಕೂರಿಸಿ, ಪಂಪು ಓಡಿಸಿ, ಮತ್ತೆ ನಿಲ್ಲಿಸಿ, ಒಂದು ಹನಿಯೂ ಜಿನುಗದ್ದನ್ನು ಬೆರಳಲ್ಲಿ ಮುಟ್ಟಿ ನೋಡಿಯೇ ಎದ್ದ. ಕಮಲಳ ಮುಂದೆ ಕೈ ಮುಗಿದ.

"ಕೈ ವಾಸಿಯಾಗ್ತದೆ ಅಣ್ಣ," ಅಂದಳು ಅವಳು. "ಇನ್ಮೇಲೆ ಚಾ ಹೊತ್ತಿಗೆ ಸುಮ್ನೆ ಬನ್ನಿ."

ಸಂಜೆ ಠಾಣಾ ಜಾಮೀನಿನ ಮೇಲೆ ಅವನನ್ನು ಬಿಟ್ಟರು. ಸಿದ್ದರಾಜು ಕೇಸ್ ಡೈರಿ ತೆರೆದು ಕೃತ್ಯದ ಕಾರಣ ಎಂಬಲ್ಲಿ ಅಭ್ಯಾಸಬಲದಿಂದ 'ದ್ವೇಷ' ಎಂದು ಬರೆದ. ಆಮೇಲೆ ಅದನ್ನು ಹೊಡೆದುಹಾಕಿ ಬರೆದ: 'ಸಾಕಿದ ಮೀನುಗಳ ಮೇಲಿನ ಮಮತೆ. ಕೇಳಲು ಸಂಕೋಚ.'

ಪಿಎಸ್‌ಐ ಓದಿದರು, ಸಹಿ ಹಾಕಿದರು.